ಪವರ್ ಬ್ಯಾಂಕಿನ ದೊಡ್ಡ ಅಂಕಿಯನ್ನು ನಂಬಿ ಹೊರಡುವ ಮುನ್ನ

ಲಡಾಖ್, ಸ್ಪಿತಿಯ ಕಡೆ ಕ್ಯಾಮೆರಾ ಹೊತ್ತು ಹೊರಡುವವರಲ್ಲಿ ಬಹಳ ಮಂದಿ ಒಂದು ಲೆಕ್ಕವನ್ನು ನಂಬಿರುತ್ತಾರೆ. ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದಿದೆ, ಕ್ಯಾಮೆರಾ ಬ್ಯಾಟರಿಯ ಮೇಲೆ 2,280 ಎಂದಿದೆ; ಹಾಗಾಗಿ ನಾಲ್ಕು ಸಲ ಚಾರ್ಜ್ ಮಾಡಬಹುದು. ಈ ಲೆಕ್ಕದಲ್ಲಿ ವೋಲ್ಟೇಜ್ ಬಿಟ್ಟುಹೋಗಿದೆ. ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ ವೋಲ್ಟೇಜಿನಿಂದ ಗುಣಿಸಿದರೆ ಮಾತ್ರ ಒಳಗಿರುವ ಶಕ್ತಿ, ಅಂದರೆ ವ್ಯಾಟ್-ಅವರ್, ತಿಳಿಯುತ್ತದೆ. ಪವರ್ ಬ್ಯಾಂಕಿನ ಅಂಕಿ ಅದರೊಳಗಿನ 3.7 ವೋಲ್ಟ್ ಸೆಲ್‌ಗಳದ್ದು; ಅದರಲ್ಲಿರುವುದು 37 ವ್ಯಾಟ್-ಅವರ್. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 7.2 ವೋಲ್ಟಿನದು, ಹಾಗಾಗಿ ಒಂದರಲ್ಲೇ 16.4 ವ್ಯಾಟ್-ಅವರ್ ಇದೆ. ಪವರ್ ಬ್ಯಾಂಕ್ 3.7 ವೋಲ್ಟನ್ನು 5ಕ್ಕೆ ಏರಿಸಬೇಕು, ಕ್ಯಾಮೆರಾ ಅದನ್ನು 8 ದಾಟಿಸಬೇಕು. ಹೀಗೆ ಏರಿಸುವಾಗ ಒಂದಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಕಾಲು ಭಾಗ ಹೋಯಿತೆಂದುಕೊಂಡರೂ ಎರಡು ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಈ ನಂಬಿಕೆ ಹುಟ್ಟಿದ್ದು ಫೋನಿನಿಂದ ಇರಬೇಕು. ಫೋನಿನ ಬ್ಯಾಟರಿಯ ವೋಲ್ಟೇಜ್ ಪವರ್ ಬ್ಯಾಂಕಿನ ಸೆಲ್‌ಗಳಷ್ಟೇ ಇರುವುದರಿಂದ ಅಲ್ಲಿ ಎಂಎಎಚ್ ಲೆಕ್ಕ ಹೆಚ್ಚು ಕೆಡುವುದಿಲ್ಲ. ಜೇಬಿನಲ್ಲಿ ಹಿಡಿಸುವ ಕೆಲವು ಪುಟ್ಟ ಕ್ಯಾಮೆರಾಗಳ ಬ್ಯಾಟರಿಯೂ 3.6 ವೋಲ್ಟಿನದೇ.

ಹಾಗಾದರೆ 20,000ದ ಪವರ್ ಬ್ಯಾಂಕನ್ನೇ ಒಯ್ದರಾಯಿತಲ್ಲ ಎಂದು ಕೇಳಬಹುದು. ಒಯ್ಯಬಹುದು, ಆದರೆ ಹೊರುವ ಭಾರಕ್ಕೆ ತಕ್ಕ ಫಲ ಸಿಗುವುದಿಲ್ಲ. ಮೇಲೆ ಹೇಳಿದ ಬ್ಯಾಟರಿ ಸುಮಾರು 83 ಗ್ರಾಂ ತೂಗುತ್ತದೆ. ಹೆಚ್ಚುವರಿಯಾಗಿ ಅಂಥ ಎರಡನ್ನು ಇಟ್ಟುಕೊಂಡರೆ ಸುಮಾರು 33 ವ್ಯಾಟ್-ಅವರ್ ಸೋರಿಕೆಯಿಲ್ಲದೆ ಕೈಯಲ್ಲಿರುತ್ತದೆ, ಬದಲಿಸಲು ಅರೆ ನಿಮಿಷವೂ ಬೇಡ. 10,000ದ ಪವರ್ ಬ್ಯಾಂಕ್ ಸಾಮಾನ್ಯವಾಗಿ ಆ ಎರಡಕ್ಕಿಂತ ಭಾರ, ಕೊಡುವುದು ಮಾತ್ರ ಕಡಿಮೆ. ಕಂಪನಿಯ ಅಸಲಿ ಬ್ಯಾಟರಿ ದುಬಾರಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಪವರ್ ಬ್ಯಾಂಕನ್ನು ಬಿಟ್ಟೇಬಿಡಬೇಕಿಲ್ಲ, ಅದನ್ನು ಫೋನಿಗೆ ಮೀಸಲಿಡುವುದು ಲೇಸು.

ಚಳಿಯ ಊರಿನಲ್ಲಂತೂ ಈ ಮಾತಿಗೆ ಇನ್ನಷ್ಟು ಬಲವಿದೆ. ಹಿಮಗಾಳಿಯಲ್ಲಿ ಬ್ಯಾಟರಿ ಸತ್ತೇಹೋಯಿತು ಎನ್ನುವವರು ಬಹಳ. ನಿಜವಾಗಿ ಸತ್ತಿರುವುದಿಲ್ಲ. ಚಳಿಗೆ ಒಳಗಿನ ದ್ರವ ಮಂದವಾಗಿ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಆಂತರಿಕ ರೋಧ ಏರುತ್ತದೆ, ಕ್ಯಾಮೆರಾ ಕರೆಂಟ್ ಎಳೆದೊಡನೆ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತವನ್ನು ಕಂಡ ಕ್ಯಾಮೆರಾ ಬ್ಯಾಟರಿ ಖಾಲಿ ಎಂದು ತಿಳಿದು ಆಫ್ ಆಗುತ್ತದೆ. ಒಳಜೇಬಿನಲ್ಲಿಟ್ಟು ಮೈಶಾಖ ತಾಗಿಸಿದರೆ ಉಳಿದಿದ್ದ ಚಾರ್ಜಿನ ಬಹುಪಾಲು ಮರಳುತ್ತದೆ. ಬಳಸುವುದಕ್ಕಿಂತ ಚಾರ್ಜ್ ಮಾಡುವಾಗಿನ ಚಳಿಯೇ ಹೆಚ್ಚು ಅಪಾಯಕಾರಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಋಣಾಗ್ರದ ಮೇಲೆ ಕೂರುತ್ತದೆ, ಆ ಹಾನಿಯನ್ನು ಸರಿಪಡಿಸಲು ಬರುವುದಿಲ್ಲ. ರಾತ್ರಿ ಟೆಂಟಿನಲ್ಲಿ ಪವರ್ ಬ್ಯಾಂಕಿಗೆ ಸಿಕ್ಕಿಸಿ ಮಲಗುವ ಯೋಜನೆ ಅಲ್ಲಿಗೆ ಹೊಂದುವುದೇ ಇಲ್ಲ. ಊರಿನಲ್ಲೇ ತುಂಬಿಸಿ ತಂದ ಬ್ಯಾಟರಿಯನ್ನು ಮಲಗುವ ಚೀಲದೊಳಗೆ ಇಟ್ಟುಕೊಂಡರೆ ಸಾಕು.

ಪೂರ್ತಿ ಖಾಲಿಯಾಗುವ ತನಕ ಚಾರ್ಜಿಗೆ ಹಾಕಬಾರದೆಂಬ ಮಾತೂ ಪ್ರಯಾಣಿಕರಿಗೆ ನಷ್ಟ ತರುತ್ತಿದೆ. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಬುದ್ಧಿವಾದ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್‌ಗೆ ಪದೇ ಪದೇ ತಳ ಮುಟ್ಟಿಸುವುದೇ ಕೆಡುಕು. ಹೋಂಸ್ಟೇಯಲ್ಲಿ ಒಂದು ಗಂಟೆ ಕರೆಂಟ್ ಸಿಕ್ಕರೆ ಅರ್ಧ ತುಂಬಿರುವ ಬ್ಯಾಟರಿಯನ್ನೂ ಸಿಕ್ಕಿಸಿ.

ವಿಮಾನದ ನಿಯಮವೂ ಕೇಳುವುದು ವ್ಯಾಟ್-ಅವರನ್ನೇ: 100ರೊಳಗಿನವು ಅನುಮತಿಯಿಲ್ಲದೆ, 100ರಿಂದ 160ರವರೆಗಿನವು ವಿಮಾನ ಸಂಸ್ಥೆಯ ಒಪ್ಪಿಗೆಯೊಂದಿಗೆ. ಬಿಡಿ ಬ್ಯಾಟರಿಯಾಗಲಿ ಪವರ್ ಬ್ಯಾಂಕಾಗಲಿ ಚೆಕ್-ಇನ್ ಲಗೇಜಿಗೆ ಹೋಗುವಂತಿಲ್ಲ. ಲೋಹದ ತುದಿಗಳಿಗೆ ಟೇಪು ಅಂಟಿಸಿ ಕೈಚೀಲದಲ್ಲೇ ಇಡಬೇಕು.