ಹೊಣೆ ಮೊದಲೋ, ತರಬೇತಿ ಮೊದಲೋ?

1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ತಿರುನೆಲ್ವೇಲಿ ಸೀಮೆಯ ವೇದನಾಯಗಂ ಸ್ಯಾಮ್ಯುಯೆಲ್ ಅಜರಾಯ ಅವರಿಗೆ ಬಿಷಪ್ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಪ್ರಾಟೆಸ್ಟಂಟ್ ಮಿಷನರಿಗಳು ತರಂಗಂಬಾಡಿಯಲ್ಲಿ ಬಂದಿಳಿದದ್ದು 1706ರಲ್ಲಿ. ಅಲ್ಲಿಯ ಲುಥರನ್ನರು ಆರನ್ ಎಂಬ ತಮಿಳರಿಗೆ ಗುರುದೀಕ್ಷೆ ಕೊಟ್ಟದ್ದು 1733ರಲ್ಲಿ. (ಕೇರಳದ ಸುರಿಯಾನಿ ಸಭೆಗಳಿಗೆ ಸ್ಥಳೀಯ ಮೇಲಧ್ಯಕ್ಷರು ಬಹಳ ಹಿಂದೆಯೇ ಇದ್ದರು, ಇಲ್ಲಿನ ಮಾತು ಮಿಷನರಿಗಳು ಕಟ್ಟಿದ ಸಭೆಗಳದ್ದು.) ದೀಕ್ಷೆ ಕೊಡಲು ಇಪ್ಪತ್ತೇಳು ವರ್ಷ ಸಾಕಾದರೆ ಅಧಿಕಾರ ಕೊಡಲು ಇನ್ನೂರು ವರ್ಷ ದಾಟಬೇಕಾಯಿತು. ಜನ ಇನ್ನೂ ತಯಾರಾಗಿಲ್ಲ, ಮೊದಲು ಕಲಿಯಲಿ, ಆಮೇಲೆ ನೋಡೋಣ ಎಂಬುದು ಆಗ ಎಲ್ಲೆಡೆ ಕೇಳಿಬರುತ್ತಿದ್ದ ಸಮಾಧಾನ. ಆದರೆ ಇತಿಹಾಸವನ್ನು ನೋಡಿದರೆ ಕ್ರಮ ತಿರುಗುಮುರುಗಾಗಿತ್ತು ಅನ್ನಿಸುತ್ತದೆ. ಸಭೆಯ ಮುಂದಾಳುಗಳು ಬೆಳೆದದ್ದು ಹೊಣೆ ಹೆಗಲಿಗೆ ಬಿದ್ದ ಮೇಲೆ. ಹೊಣೆಯಿಲ್ಲದ ತರಬೇತಿಯಿಂದ ತಯಾರಾದವರು ಒಳ್ಳೆಯ ಸಹಾಯಕರು ಮಾತ್ರ.

ನಮ್ಮ ಮಂಗಳೂರಿಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ಸಿಗಲಾರದು. 1834ರಲ್ಲಿ ಬಂದ ಬಾಸೆಲ್ ಮಿಷನ್ ಕಲಿಸುವುದರಲ್ಲಿ ಎಂದೂ ಕೈ ಬಿಗಿಹಿಡಿದದ್ದಲ್ಲ. ಶಾಲೆ, ಅಚ್ಚುಕೂಟ, 1847ರಿಂದ ಉಪದೇಶಿಗಳಿಗಾಗಿ ಸೆಮಿನರಿ, ಎಲ್ಲವನ್ನೂ ಕಟ್ಟಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಹರ್ಮನ್ ಆನಂದರಾವ್ ಕೌಂಡಿನ್ಯರು ಹರ್ಮನ್ ಮೋಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ, ಅಲ್ಲಿಯೇ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮಿಷನರಿಯಾಗಿ ಮರಳಿದರು. ಯುರೋಪಿಯನ್ನರಿಗೆ ಸರಿಸಮನಾದ ಆ ಸ್ಥಾನ ಮಂಗಳೂರಿನಲ್ಲೇ ಓದಿ ಸಭೆಗಳನ್ನು ನಡೆಸಿದವರಿಗೆ ದಕ್ಕಲಿಲ್ಲ. ಇದಕ್ಕೆ ಬರೀ ಬಣ್ಣದ ಹೆಮ್ಮೆ ಕಾರಣ ಎಂದುಬಿಟ್ಟರೆ ಅರ್ಧ ಸತ್ಯವಾದೀತು. ಮತಾಂತರವಾದವರಿಗೆ ಜಾತಿಯ ಜೊತೆಗೆ ಕಸುಬೂ ನೆಲವೂ ತಪ್ಪುತ್ತಿದ್ದವು. ಅವರಿಗೆ ಅನ್ನದ ದಾರಿಯಾಗಲೆಂದು ಮಿಷನ್ ನೇಯ್ಗೆ ಶಾಲೆಗಳನ್ನೂ 1865ರಿಂದ ಹಂಚಿನ ಕಾರ್ಖಾನೆಗಳನ್ನೂ ತೆರೆಯಿತು. ಕೆಲಸ ಕೊಡುವುದು, ಮನೆ ಕೊಡುವುದು, ತಪ್ಪು ಮಾಡಿದವನನ್ನು ಪ್ರಭುಭೋಜನದಿಂದ ದೂರವಿಡುವುದು, ಈ ಮೂರೂ ಒಂದೇ ಸಂಸ್ಥೆಯ ಕೈಯಲ್ಲಿ ಸೇರಿದವು. ಸಂಬಳ ಕೊಡುವವರ ಎದುರು ಕೂತು ಸಭೆಯ ಹಿರಿಯನೊಬ್ಬ ಬೇರೆ ಅಭಿಪ್ರಾಯ ಹೇಳುವುದು ಸುಲಭವೇ? ಕರುಣೆಯಿಂದ ಕಟ್ಟಿದ ವ್ಯವಸ್ಥೆಯೇ ಮುಂದಾಳುತನಕ್ಕೆ ಅಡ್ಡಿಯಾದ ಈ ಸಂಗತಿಯನ್ನು ನಾವು ಸಾಕಷ್ಟು ಚರ್ಚಿಸಿಲ್ಲ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ಸ್ವದೇಶಕ್ಕೆ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಆಸರೆ ತಪ್ಪಿದ ಸಭೆಗಳು ಮುಚ್ಚಿಹೋಗಲಿಲ್ಲ. ಸ್ಥಳೀಯ ಸಭಾಪಾಲಕರೂ ಹಿರಿಯರೂ ಅವನ್ನು ನಡೆಸಿಕೊಂಡು ಹೋದರು. ಯೋಗ್ಯತೆ ಆ ದಿನ ಹುಟ್ಟಿದ್ದಲ್ಲ, ಮೊದಲೇ ಇತ್ತು. ಯುದ್ಧ ಅದಕ್ಕೆ ಜಾಗ ತೆರವು ಮಾಡಿತು, ಅಷ್ಟೆ.

ಲಂಡನ್ನಿನ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್ ಇದನ್ನು ಹತ್ತೊಂಬತ್ತನೆಯ ಶತಮಾನದ ನಡುವೆಯೇ ಕಂಡುಕೊಂಡಿದ್ದರು. ತನ್ನ ಖರ್ಚನ್ನು ತಾನೇ ಭರಿಸುವ, ತನ್ನನ್ನು ತಾನೇ ಆಳಿಕೊಳ್ಳುವ, ತಾನಾಗಿಯೇ ಹಬ್ಬುವ ಸಭೆಯೇ ಗುರಿ, ಮಿಷನ್ ಎಂಬುದು ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆಯುವ ಸಾರುವೆ ಎಂಬುದು ಅವರ ನಿಲುವು. ಆ ನಿಲುವಿನ ಫಲವಾಗಿ 1864ರಲ್ಲಿ ನೈಜೀರಿಯದ ಸ್ಯಾಮ್ಯುಯೆಲ್ ಕ್ರೌದರ್ ಬಿಷಪ್ ಆದರು. ವೆನ್ ತೀರಿಕೊಂಡ ಮೇಲೆ, 1890ರ ಸುಮಾರಿಗೆ, ಯುವ ಯುರೋಪಿಯನ್ ಮಿಷನರಿಗಳು ಕ್ರೌದರ್ ಅವರ ಸಹಾಯಕರ ಮೇಲೆ ದೂರು ಹೊರಿಸಿ ಒಬ್ಬೊಬ್ಬರನ್ನೇ ತೆಗೆದುಹಾಕಿದರು. ವೃದ್ಧ ಬಿಷಪ್ 1891ರ ಕೊನೆಯ ದಿನ ನಿಧನರಾದರು. ಅವರ ಜಾಗಕ್ಕೆ ಬಂದವರು ಯುರೋಪಿಯನ್. ಸ್ಥಳೀಯರಿಗೆ ಅಧಿಕಾರ ಕೊಟ್ಟರೆ ಹೀಗೇ ಆಗುವುದು ಎನ್ನುವವರಿಗೆ ಈ ಪ್ರಕರಣ ಬಹುಕಾಲ ಆಧಾರವಾಯಿತು. ನಾನು ಇದರಲ್ಲಿ ಕಾಣುವುದು ಬೇರೆ. ಅಧಿಕಾರವನ್ನು ಒಬ್ಬರಿಗೆ ಕೊಟ್ಟು, ಅವರ ಸುತ್ತ ಎರಡನೆಯ ಸಾಲನ್ನು ಬೆಳೆಸುವಷ್ಟು ಹಣವನ್ನಾಗಲಿ ಕಾಲವನ್ನಾಗಲಿ ಕೊಡದೆ, ಮೊದಲ ದೂರಿಗೇ ಎಲ್ಲವನ್ನೂ ವಾಪಸು ಕಿತ್ತುಕೊಂಡರೆ, ಸೋತದ್ದು ಕೊಟ್ಟವರ ಧೈರ್ಯ.

ಅಜರಾಯರ ನೇಮಕಕ್ಕೂ ವಿರೋಧವಿತ್ತು, ಯುರೋಪಿಯನ್ ಮಿಷನರಿಗಳಿಂದಷ್ಟೇ ಅಲ್ಲ, ಭಾರತೀಯ ಕ್ರೈಸ್ತರಿಂದಲೂ. ಮದ್ರಾಸಿನಲ್ಲಿ ಕಾಲೇಜು ಓದಿದರೂ ಅವರು ಪದವಿ ಮುಗಿಸಿರಲಿಲ್ಲ. ಆದರೆ 1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ತಮ್ಮದೇ ಕಾಣಿಕೆಯಿಂದ ಮಿಷನರಿ ಸಂಘ ಕಟ್ಟಿದಾಗ ಅದರ ಮುಂಚೂಣಿಯಲ್ಲಿದ್ದವರು ಅವರು; ಆ ಸಂಘದ ಕೆಲಸಕ್ಕಾಗಿಯೇ ನಿಜಾಮರ ಸೀಮೆಯ ಡೋರ್ನಕಲ್‌ಗೆ ಬಂದು, ತೆಲುಗು ಕಲಿತು, ಹಳ್ಳಿ ಸುತ್ತಿದವರು. 1910ರ ಎಡಿನ್‌ಬರೊ ಸಮ್ಮೇಳನದಲ್ಲಿ, ನೀವು ನಮಗೆ ಎಲ್ಲವನ್ನೂ ಕೊಟ್ಟಿದ್ದೀರಿ, ಈಗ ಸ್ನೇಹ ಕೊಡಿ ಎಂಬ ಅರ್ಥದ ಮಾತನ್ನು ಮಿಷನರಿಗಳ ಮುಖಕ್ಕೇ ಹೇಳಿದ್ದರು. ಬಿಷಪ್ ಆದ ಮೇಲೆ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ಡೋರ್ನಕಲ್‌ನಲ್ಲಿ ಸಭೆ ಸೇರುತ್ತಿದ್ದವರು ಹೆಚ್ಚಾಗಿ ಮಾಲ, ಮಾದಿಗ ಸಮುದಾಯದ ಕೂಲಿಕಾರರು, ಅಕ್ಷರ ಕಾಣದವರು. ದೀಕ್ಷಾಸ್ನಾನವಾದವರು ತಲೆಯ ಮೇಲೆ ಕೈಯಿಟ್ಟುಕೊಂಡು, ಸುವಾರ್ತೆಯನ್ನು ಸಾರದಿದ್ದರೆ ನನಗೆ ಗತಿಯಿಲ್ಲ ಎಂದು ನುಡಿಯುವಂತೆ ಅವರು ಮಾಡುತ್ತಿದ್ದರು. ಹೊಣೆ ಮೊದಲ ದಿನದಿಂದಲೇ ಶುರು. ಗ್ರಾಮ ಉಪದೇಶಿಗಳಾಗಲು ಬಂದವರ ಹೆಂಡತಿಯರಿಗೂ ತರಬೇತಿ ನಡೆಯಿತು. ಹಳ್ಳಿಯಲ್ಲಿ ಶಾಲೆಯನ್ನೂ ಪ್ರಾರ್ಥನೆಯನ್ನೂ ಇಬ್ಬರೂ ಸೇರಿ ನಡೆಸಬೇಕಿತ್ತು. ಊರಿನ ಅಂಚಿನಲ್ಲಿದ್ದ ಕೇರಿಯೊಂದರ ಮನುಷ್ಯ ಓದಿ ಹೇಳುವವನಾಗಿ, ಲೆಕ್ಕ ಬರೆಯುವವನಾಗಿ, ನ್ಯಾಯ ಹೇಳುವವನಾಗಿ ನಿಂತದ್ದನ್ನು ಊರು ನೋಡಿತು. 1930ರ ದಶಕದಲ್ಲಿ ಅಲ್ಲಿಯ ಶೂದ್ರ ರೈತ ಕುಟುಂಬಗಳೂ ಸಭೆಯತ್ತ ಬಂದದ್ದಕ್ಕೆ ಈ ಬದಲಾವಣೆಯೇ ಮುಖ್ಯ ಕಾರಣವೆಂದು ಆ ಕಾಲದ ಅಧ್ಯಯನಗಳು ಹೇಳಿವೆ.

ಹೊಣೆಯೇ ಮೊದಲು ಎಂಬ ಈ ವಾದಕ್ಕೆ ಗಂಭೀರ ಆಕ್ಷೇಪವೊಂದಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಉದಯಿಸಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೆ 1954ರಲ್ಲಿ ರಸೆಲ್ ಚಂದ್ರನ್ ಮೊದಲ ಭಾರತೀಯ ಪ್ರಾಂಶುಪಾಲರಾದರು. ಮಂಗಳೂರಿನ ಹಳೆಯ ಸೆಮಿನರಿಯೂ ತುಮಕೂರಿನ ಸೆಮಿನರಿಯೂ ಸೇರಿ 1965ರಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು. ಅಧಿಕಾರವೂ ತರಬೇತಿಯೂ ನಮ್ಮ ಕೈಗೇ ಬಂದವು. ಹಾಗಾದರೆ ಬಿಷಪ್ ಚುನಾವಣೆಗಳೂ ಆಸ್ತಿಯ ವ್ಯಾಜ್ಯಗಳೂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೇಗೆ? ಹೊಣೆ ಕೊಟ್ಟರೆ ಮುಂದಾಳು ಬೆಳೆಯುತ್ತಾನೆ ಎಂಬ ಮಾತು ಇಲ್ಲಿ ಸುಳ್ಳಾಗಲಿಲ್ಲವೇ? ಪ್ರಶ್ನೆ ನೋಯಿಸುವಂಥದು, ಆದರೆ ನ್ಯಾಯವಾದದ್ದು. ಮಿಷನ್ನುಗಳು ಬಿಟ್ಟುಹೋದ ಶಾಲೆ, ಆಸ್ಪತ್ರೆ, ನಗರ ಮಧ್ಯದ ಜಮೀನು ಇವುಗಳ ಜೊತೆಗೆ, ಅವನ್ನು ಮೇಲಿನಿಂದ ಆಳುವ ಪದ್ಧತಿಯೂ ನಮಗೆ ಬಂತು. ಹಿಂದೆ ದೊರೆಗಳು ಕೂರುತ್ತಿದ್ದ ಕುರ್ಚಿಯಲ್ಲಿ ನಮ್ಮವರು ಕೂತರು. ಹೊಣೆ ಅಲ್ಲಿಂದ ಕೆಳಗಿಳಿಯಲಿಲ್ಲ. ಅಜರಾಯರು ಕೆಳಗಿನ ಹಳ್ಳಿಯ ಉಪದೇಶಿಯಿಂದ ಕಟ್ಟಿದ್ದನ್ನು ನಾವು ಮೇಲಿನ ಪದವಿಯಿಂದ ಕಟ್ಟಲು ಹೊರಟೆವು.

ಆದ್ದರಿಂದ ನಾಯಕತ್ವ ಶಿಬಿರಗಳನ್ನು ಇನ್ನಷ್ಟು ನಡೆಸಬೇಕೆಂಬ ಸಲಹೆ ನನಗೆ ಅರೆಮನಸ್ಸಿನದು ಅನ್ನಿಸುತ್ತದೆ. ಶಿಬಿರ ಬೇಡವೆಂದಲ್ಲ. ಪವಿತ್ರ ಗ್ರಂಥದ ಅಧ್ಯಯನ, ಲೆಕ್ಕಪತ್ರ, ಆಪ್ತಸಲಹೆ ಕಲಿಯಲೇಬೇಕಾದ ವಿದ್ಯೆಗಳು. ಅರೆಬರೆ ಕಲಿತ ಸಭಾಪಾಲಕರಿಂದ ನೋವುಣ್ಣುವವರು ಸಭೆಯ ಬಡವರೇ. ಆದರೆ ಸಭಾ ಕಮಿಟಿಯಲ್ಲಿ ಇಪ್ಪತ್ತೈದರ ಹುಡುಗಿಗೆ ಜಾಗವಿಲ್ಲದಿದ್ದರೆ, ಕಾಣಿಕೆಯ ಲೆಕ್ಕವನ್ನು ಕೂಲಿ ಮಾಡುವ ಸದಸ್ಯ ಎದ್ದು ನಿಂತು ಕೇಳುವಂತಿಲ್ಲದಿದ್ದರೆ, ಶಿಬಿರದಲ್ಲಿ ಕಲಿತದ್ದನ್ನು ಅವರು ಎಲ್ಲಿ ಬಳಸಬೇಕು? ಹೆಂಗಸರ ವಿಷಯದಲ್ಲೂ ಇದೇ ವಾದ ದಶಕಗಳ ಕಾಲ ನಡೆಯಿತು: ಇನ್ನೂ ಕಾಲ ಬಂದಿಲ್ಲ, ಸಭೆ ಒಪ್ಪಲಾರದು ಎಂದು. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಇ. ಪುಷ್ಪಲಲಿತಾ ಸಿಎಸ್‌ಐಯ ಮೊದಲ ಮಹಿಳಾ ಬಿಷಪ್ ಆಗಿ ಬಂದರು. ಕಾಲ ಬಂದಿಲ್ಲ ಎಂಬ ಈ ಮಾತನ್ನು ನೂರು ವರ್ಷದ ಹಿಂದೆ ಅಜರಾಯರ ಬಗ್ಗೆಯೂ ಹೇಳಲಾಗಿತ್ತು, ಅದೂ ತಮ್ಮ ಬದುಕನ್ನೇ ಸಭೆಗೆ ತೆತ್ತ ಪ್ರಾಮಾಣಿಕ ಜನರ ಬಾಯಿಂದ.