ಆರೋಗ್ಯ ತಂತ್ರಜ್ಞಾನ ಕಂಪನಿಯಲ್ಲಿ 'ಇ.ಎ.' ಕೆಲಸ: ಸೇರುವ ಮೊದಲು ತಿಳಿದಿರಬೇಕಾದ ಕೆಲವು ವಿಷಯಗಳು

ನಮ್ಮ ಕರಾವಳಿಯ ಮನೆಗಳಿಗೆ 'ಸೆಕ್ರೆಟರಿ ಕೆಲಸ' ಎಂಬ ಮಾತು ಹೊಸದೇನಲ್ಲ. ಒಂದೆರಡು ತಲೆಮಾರಿನ ಹಿಂದೆ ಎಸ್.ಎಸ್.ಎಲ್.ಸಿ. ಮುಗಿಸಿ, ಟೈಪಿಂಗ್ ಹಾಗೂ ಶಾರ್ಟ್‌ಹ್ಯಾಂಡ್ ಕಲಿತು ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಟವರು ಪ್ರತಿಯೊಂದು ವಾಳೆಯಲ್ಲೂ ಇದ್ದರು. ಅವರು ಕಳುಹಿಸಿದ ಹಣದಲ್ಲಿ ಎಷ್ಟೋ ಮನೆಗಳಿಗೆ ಹಂಚು ಬಂತು, ತಮ್ಮ ತಂಗಿಯರ ಓದು ಮುಗಿಯಿತು. ಈಗ ಅದೇ ಮನೆಗಳ ಮಕ್ಕಳು ಬಿ.ಕಾಂ., ಬಿ.ಬಿ.ಎ. ಮುಗಿಸಿ ಬೆಂಗಳೂರಿನ ಸ್ಟಾರ್ಟ್‌ಅಪ್ ಕಂಪನಿಗಳಲ್ಲಿ 'ಎಕ್ಸಿಕ್ಯೂಟಿವ್ ಅಸಿಸ್ಟೆಂಟ್' ಅಂದರೆ 'ಇ.ಎ.' ಆಗಿ ಸೇರುತ್ತಿದ್ದಾರೆ. "ಅದೇನು ಕೆಲಸ? ಆಸ್ಪತ್ರೆಯೋ, ಕಂಪ್ಯೂಟರ್ ಕಂಪನಿಯೋ?" ಎಂದು ತಂದೆತಾಯಂದಿರು ನಮ್ಮನ್ನು ಕೇಳುವುದುಂಟು. ಇಂತಹ ಕಛೇರಿಯಲ್ಲಿ ಕೆಲವು ವರ್ಷ ದುಡಿದ ಅನುಭವದಿಂದ ಉತ್ತರಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಆರೋಗ್ಯ ತಂತ್ರಜ್ಞಾನ ಕಂಪನಿ ಎಂದರೆ ಆಸ್ಪತ್ರೆಯಲ್ಲ. ಆದರೆ ರೋಗಿಯಿಂದ ದೂರವೂ ಅಲ್ಲ. ನಮ್ಮ ಹತ್ತಿರದ ಉದಾಹರಣೆ ಪ್ರಾಕ್ಟೊ. ಸುರತ್ಕಲ್‌ನ ಎನ್.ಐ.ಟಿ.ಕೆ.ಯಲ್ಲಿ ಓದಿದ ಶಶಾಂಕ್ ಎನ್.ಡಿ. ಹಾಗೂ ಅಭಿನವ್ ಲಾಲ್ ಇದನ್ನು 2008ರಲ್ಲಿ ಆರಂಭಿಸಿದರು. ತಂದೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬೇಕಾದಾಗ ದಾಖಲೆಗಳನ್ನು ಕಂಪ್ಯೂಟರ್ ಮೂಲಕ ಕಳುಹಿಸಲು ಆಗದೆ ಹೋದದ್ದೇ ಅದರ ಹುಟ್ಟಿಗೆ ಕಾರಣ ಎಂದು ಸ್ಥಾಪಕರು ಹೇಳಿಕೊಂಡಿದ್ದಾರೆ. ಮೊದಲು ವೈದ್ಯರ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್. ಬಳಿಕ ವೈದ್ಯರನ್ನು ಹುಡುಕುವ, ಸಮಯ ನಿಗದಿಪಡಿಸುವ ಸೇವೆ. ಇನ್ನು ಕೆಲವು ಕಂಪನಿಗಳು ಯಂತ್ರ ತಯಾರಿಸುತ್ತವೆ. ಗೀತಾ ಮಂಜುನಾಥ್ ಅವರು ಬೆಂಗಳೂರಿನಲ್ಲಿ 2016ರಲ್ಲಿ ಸ್ಥಾಪಿಸಿದ ನಿರಾಮಯಿ, ದೇಹದ ಉಷ್ಣತೆಯ ಚಿತ್ರಗಳನ್ನು ಕಂಪ್ಯೂಟರ್ ಮೂಲಕ ಪರಿಶೀಲಿಸಿ ಸ್ತನ ಕ್ಯಾನ್ಸರಿನ ತಪಾಸಣೆಗೆ ನೆರವಾಗುತ್ತದೆ.

ಇಂತಹ ಕಂಪನಿಯ ಮುಖ್ಯಸ್ಥರಿಗೆ ಒಂದೇ ದಿನ ವೈದ್ಯರು, ಇಂಜಿನಿಯರ್‌ಗಳು, ಹಣ ಹೂಡಿದವರು, ಸರಕಾರಿ ಅಧಿಕಾರಿಗಳು ಎಲ್ಲರೂ ಬೇಕು. ಅವರ ಹೊತ್ತನ್ನು ಹಂಚಿಕೊಡುವುದೇ ಇ.ಎ.ಯ ಮೊದಲ ಕೆಲಸ. ಕೇಳಲು ಸುಲಭ. ಆದರೆ ಶಸ್ತ್ರಚಿಕಿತ್ಸಕರೊಬ್ಬರು ಭೇಟಿಗೆ ಸಿಗುವುದು ಬೆಳಿಗ್ಗೆ ಆಪರೇಶನ್‌ಗೆ ಹೋಗುವ ಮೊದಲು ಇಲ್ಲವೇ ರಾತ್ರಿ ಒ.ಪಿ.ಡಿ. ಮುಗಿದ ಮೇಲೆ. ಕ್ಯಾಲಿಫೋರ್ನಿಯಾದ ಹೂಡಿಕೆದಾರರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರ್‌ನ ಮೊದಲ ಭಾನುವಾರದಿಂದ ಮಾರ್ಚ್‌ನ ಎರಡನೆಯ ಭಾನುವಾರದವರೆಗೆ ಹದಿಮೂರೂವರೆ ಗಂಟೆ. ಈ ಒಂದು ಗಂಟೆಯನ್ನು ಮರೆತು ಹೊಸಬರಾಗಿದ್ದಾಗ ನಾವು ಯಜಮಾನರನ್ನು ಖಾಲಿ ಪರದೆಯ ಮುಂದೆ ಕೂರಿಸಿದ್ದೇವೆ. ಒಮ್ಮೆ ಆದ ಮೇಲೆ ಮತ್ತೆ ಮರೆಯುವುದಿಲ್ಲ.

ಸಭೆಯ ಟಿಪ್ಪಣಿ ಬರೆಯುವುದು ಎರಡನೆಯ ಕೆಲಸ. ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾಗಿದ್ದವರಿಗೆ ಇದು ಗೊತ್ತೇ ಇದೆ: ಎಲ್ಲರೂ ಮಾತನಾಡುತ್ತಾರೆ, ಏನು ತೀರ್ಮಾನವಾಯಿತೆಂದು ಬರೆಯುವವರು ಒಬ್ಬರೇ. ಕಂಪನಿಯಲ್ಲಿ ಇದಕ್ಕೆ ಕಾನೂನಿನ ಕಟ್ಟುಪಾಡು ಇದೆ. 2013ರ ಕಂಪನಿ ಕಾಯಿದೆಯಂತೆ ನಿರ್ದೇಶಕರ ಸಭೆಗೆ ಸಾಮಾನ್ಯವಾಗಿ ಏಳು ದಿನ ಮೊದಲೇ ಲಿಖಿತ ಸೂಚನೆ ಹೋಗಬೇಕು. ಸಭೆ ಮುಗಿದ ಮೂವತ್ತು ದಿನಗಳೊಳಗೆ ನಡಾವಳಿ ದಾಖಲಾಗಬೇಕು. ಸಣ್ಣ ಕಂಪನಿಯಲ್ಲಿ ಕರಡು ಬರೆಯುವ ಹೊಣೆ ಬಹುತೇಕ ಇ.ಎ.ಯ ತಲೆಗೇ ಬರುತ್ತದೆ.

ಇಷ್ಟು ಯಾವುದೇ ಕಂಪನಿಗೆ ಅನ್ವಯಿಸುವ ಮಾತು. ಆರೋಗ್ಯದ ಕಂಪನಿಯಲ್ಲಿ ಬೇರೆಯೇ ಒಂದು ಭಾರವಿದೆ. ಮುಖ್ಯಸ್ಥರ ಇ-ಮೇಲ್ ಪೆಟ್ಟಿಗೆ ಇ.ಎ.ಗೆ ತೆರೆದಿರುತ್ತದೆ. ಅಲ್ಲಿ ದೂರು ಹೇಳುವ ರೋಗಿ ತನ್ನ ರಕ್ತಪರೀಕ್ಷೆಯ ವರದಿಯನ್ನೇ ಲಗತ್ತಿಸಿರುತ್ತಾರೆ. ಯಾರಿಗೆ ಮಧುಮೇಹ, ಯಾರು ಮನೋವೈದ್ಯರನ್ನು ಕಂಡರು, ಯಾರ ಗರ್ಭ ನಿಲ್ಲಲಿಲ್ಲ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ನಮ್ಮಂತಹ ಊರುಗಳಲ್ಲಿ ಒಂದು ಹೆಸರು ಹೇಳಿದರೆ ಮನೆತನ ಗೊತ್ತಾಗುತ್ತದೆ, ಮದುವೆಯ ಪ್ರಸ್ತಾಪ ಮುರಿಯುತ್ತದೆ. ಆದುದರಿಂದ ಮನೆಗೆ ಫೋನ್ ಮಾಡುವಾಗಲೂ ಇಂತಹ ಸುದ್ದಿ ಬಾಯಿಗೆ ಬರಬಾರದು. ವರದಿಯನ್ನು ಸ್ವಂತ ವಾಟ್ಸಾಪ್‌ಗೆ ಕಳುಹಿಸಿಕೊಳ್ಳುವುದು, ಅದರ ಫೋಟೋ ತೆಗೆಯುವುದು ಕೂಡದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಕಂಪನಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಾಯಿದೆ ಇರಲಿ, ಇಲ್ಲದಿರಲಿ, ಆ ವರದಿ ಇನ್ನೊಬ್ಬರ ಮನೆಯದ್ದು.

ಇನ್ನೊಂದು ಭಾರದ ಬಗ್ಗೆ ನಮಗೇ ಆದ ಅನುಭವ ಹೇಳಬೇಕು. ವೈದ್ಯಕೀಯ ಸಾಧನಗಳಿಗೆ ನಮ್ಮ ದೇಶದಲ್ಲಿ 2017ರ ನಿಯಮಗಳಿವೆ. ಅಪಾಯದ ಪ್ರಮಾಣಕ್ಕೆ ಅನುಸಾರವಾಗಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ; ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ಸಾಧನವೇ. ನಾವಿದ್ದ ಕಂಪನಿಯ ಸಾಧನಕ್ಕೆ ಪರವಾನಗಿ ಇನ್ನೂ ಬಂದಿರಲಿಲ್ಲ. ಹೂಡಿಕೆದಾರರ ಮುಂದೆ ತೋರಿಸುವ ಹಾಳೆಯಲ್ಲಿ 'ಅರ್ಜಿ ಸಲ್ಲಿಸಲಾಗಿದೆ' ಎಂದು ಬರೆದಿದ್ದೆವು. ರಾತ್ರಿ ಹತ್ತು ಗಂಟೆಗೆ ಯಜಮಾನರ ಫೋನ್: "ದೊರೆತಿದೆ ಎಂದು ಬದಲಾಯಿಸಿಬಿಡಿ. ಹೇಗೂ ಮುಂದಿನ ತಿಂಗಳು ಬರುತ್ತದಲ್ಲ."

ಎರಡೇ ಶಬ್ದದ ಬದಲಾವಣೆ. ಆಗ ನಮ್ಮ ಮೇಲೆ ಮನೆಯ ಸಾಲವೂ ಇತ್ತು, ಮೂರು ತಿಂಗಳ ಪ್ರೊಬೇಷನ್ ಕೂಡ ಮುಗಿದಿರಲಿಲ್ಲ. ಜಗಳ ಮಾಡುವ ಧೈರ್ಯವಿರಲಿಲ್ಲ. ಆದರೆ ಬದಲಾಯಿಸಲೂ ಕೈ ಬರಲಿಲ್ಲ. ಕೊನೆಗೆ ಯಜಮಾನರಿಗೂ, ಪರವಾನಗಿಯ ಕೆಲಸ ನೋಡುತ್ತಿದ್ದ ಅಧಿಕಾರಿಗೂ ಒಟ್ಟಿಗೆ ಒಂದು ಇ-ಮೇಲ್ ಬರೆದೆವು: 'ಪರವಾನಗಿ ಸಂಖ್ಯೆ ಹಾಗೂ ದಿನಾಂಕ ತಿಳಿಸಿದರೆ ಅದನ್ನೂ ಸೇರಿಸಿ ಹಾಳೆ ಸರಿಪಡಿಸುತ್ತೇವೆ.' ಉತ್ತರ ಬರಲಿಲ್ಲ. ಬೆಳಿಗ್ಗೆ ಹಳೆಯ ಒಕ್ಕಣೆಯೇ ಪರದೆಯ ಮೇಲೆ ಹೋಯಿತು. ಎರಡು ವಾರ ಯಜಮಾನರು ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಪರವಾನಗಿ ಬಂದದ್ದು ಮುಂದಿನ ತಿಂಗಳಲ್ಲ, ಏಳು ತಿಂಗಳ ನಂತರ.

ಇದನ್ನು ಶೌರ್ಯವೆಂದು ಹೇಳುತ್ತಿಲ್ಲ. ಸಂಖ್ಯೆ ಕೇಳುವುದು ಗುಮಾಸ್ತರ ಹಳೆಯ ಉಪಾಯ. ಆದರೆ ಇಂತಹ ಸಣ್ಣ ಸುಳ್ಳುಗಳು ಎಲ್ಲಿಗೆ ಮುಟ್ಟುತ್ತವೆ ಎಂಬುದನ್ನು ಅಮೆರಿಕದ ಥೆರಾನೋಸ್ ಪ್ರಕರಣದಲ್ಲಿ ಲೋಕವೇ ಕಂಡಿದೆ. ಕೆಲವೇ ಹನಿ ರಕ್ತದಲ್ಲಿ ಅನೇಕ ಪರೀಕ್ಷೆ ಮಾಡುತ್ತೇವೆಂದು 2003ರಲ್ಲಿ ಆರಂಭವಾದ ಆ ಕಂಪನಿ 2018ರಲ್ಲಿ ಮುಚ್ಚಿತು. ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರನ್ನು ವಂಚಿಸಿದ ಅಪರಾಧಿಯೆಂದು 2022ರ ಜನವರಿಯಲ್ಲಿ ತೀರ್ಪಾಯಿತು. ಅಲ್ಲಿನ ತಪ್ಪನ್ನು ಹೊರಗೆ ತಂದವರಲ್ಲಿ ಟೈಲರ್ ಶುಲ್ಟ್ಸ್ ಹಾಗೂ ಎರಿಕಾ ಚಂಗ್ ಎಂಬ ಇಬ್ಬರು ಯುವ ಉದ್ಯೋಗಿಗಳಿದ್ದರು. ತಪ್ಪು ವರದಿ ಪಡೆದ ರೋಗಿಗಳೂ ಇದ್ದರು ಎಂಬುದನ್ನು ಹಣದ ಲೆಕ್ಕದಲ್ಲಿ ಜನ ಮರೆಯುತ್ತಾರೆ.

ಮೋಸಗಾರರ ಬಗ್ಗೆಯೂ ಒಂದು ಮಾತು. ಯಜಮಾನರ ಭಾವಚಿತ್ರ ಹಾಕಿಕೊಂಡು "ಸಭೆಯಲ್ಲಿದ್ದೇನೆ, ಕರೆ ಮಾಡಬೇಡಿ, ತಕ್ಷಣ ಈ ಖಾತೆಗೆ ಹಣ ಹಾಕಿಸಿ" ಎಂದು ಹೊಸ ನಂಬರಿನಿಂದ ಸಂದೇಶ ಬಂದರೆ, ನಮ್ಮಲ್ಲಿರುವ ಹಳೆಯ ನಂಬರಿಗೆ ಕರೆ ಮಾಡಿಯೇ ತೀರಬೇಕು. ಯಜಮಾನರು ಬೈದರೆ ಬೈಯಲಿ.

ಈಗ ತಂದೆತಾಯಂದಿರು ಮುಖ್ಯವಾಗಿ ಕೇಳುವ ವಿಷಯ, ಸಂಬಳ ಮತ್ತು ಭದ್ರತೆ. ಸ್ಟಾರ್ಟ್‌ಅಪ್ ನಡೆಯುವುದು ಹೂಡಿಕೆದಾರರ ಹಣದಲ್ಲಿ. ಆ ಹಣ ಬತ್ತಿದರೆ ಒಂದೇ ದಿನದಲ್ಲಿ ಅರ್ಧ ಕಛೇರಿ ಖಾಲಿಯಾಗುವುದೂ ಉಂಟು. ಕೆಲವರು ಸಂಬಳದ ಒಂದು ಭಾಗದ ಬದಲು 'ಇಸಾಪ್' ಎಂಬ ಶೇರಿನ ಆಸೆ ತೋರಿಸುತ್ತಾರೆ. ಕಾನೂನಿನಂತೆ ಅದು ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂಚಿ ಕೊಡುತ್ತಾರೆ. ಕಂಪನಿ ಮಾರಾಟವಾಗದೆ, ಶೇರುಪೇಟೆಗೆ ಬಾರದೆ ಅದರಿಂದ ಅಕ್ಕಿ ಕೊಳ್ಳಲಾಗದು. ಮನೆ ಬಾಡಿಗೆ, ಊರಿಗೆ ಕಳುಹಿಸುವ ಹಣ ಇವೆರಡನ್ನೂ ಕೈಗೆ ಬರುವ ಸಂಬಳದಿಂದಲೇ ಲೆಕ್ಕ ಹಾಕಬೇಕು.

ಸಂದರ್ಶನಕ್ಕೆ ಹೋಗುವವರು ಕೇಳಬೇಕಾದದ್ದನ್ನು ನಾಚಿಕೆಯಿಲ್ಲದೆ ಕೇಳಿರಿ. ಪ್ರಾವಿಡೆಂಟ್ ಫಂಡ್ ಕಟ್ಟುತ್ತಾರೆಯೇ? ನೋಟಿಸ್ ಅವಧಿ ಎಷ್ಟು? ರಾತ್ರಿ ಸಭೆಯಿದ್ದರೆ ಪಿ.ಜಿ.ಗೆ ತಲುಪಿಸುವ ವಾಹನ ಯಾರದು? ಭಾನುವಾರ ಫೋನ್ ಎತ್ತಲೇಬೇಕೇ? ಹಿಂದೆ ಈ ಕೆಲಸದಲ್ಲಿದ್ದವರು ಏಕೆ ಬಿಟ್ಟರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರಕ್ಕಿಂತ, ಉತ್ತರಿಸುವ ಮೊದಲು ಅವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೋ ಎಂಬುದನ್ನು ಗಮನಿಸಿರಿ.