ಹೆಣ್ಣು ಹಕ್ಕಿಯ ಮೈಪುಷ್ಟಿ ಮತ್ತು ಜೋಡಿಯ ಆಯ್ಕೆ

ಪ್ರಶ್ನೆ: ಹೆಣ್ಣು ಹಕ್ಕಿ ಸೊರಗಿದ್ದರೆ ಸಂಗಾತಿಯ ಆಯ್ಕೆ ಬದಲಾಗುತ್ತದೆಯೇ?
– ಓದುಗರು, ವರ್ತಕ ನಗರ, ಠಾಣೆ

ಉತ್ತರ: ಬದಲಾಗಬಹುದು. ಜೀಬ್ರಾ ಫಿಂಚ್ ಹಕ್ಕಿಗಳ ಕುರಿತು 2010ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಮರಿಗಳಿಂದ ಕಿಕ್ಕಿರಿದ ಗೂಡಿನಲ್ಲಿ ಬೆಳೆದ ಬಡಕಲು ಹೆಣ್ಣುಗಳು ತಮ್ಮಂತೆಯೇ ಬೆಳೆದ ಗಂಡುಗಳ ಹಾಡನ್ನು ಮೆಚ್ಚಿದವು. ಪುಷ್ಟ ಹೆಣ್ಣುಗಳು ಪುಷ್ಟ ಗಂಡುಗಳನ್ನು ಬಯಸಿದವು. ಸರಿಸಮಾನ ಜೋಡಿಗಳು ಬೇಗ ಮೊಟ್ಟೆಯಿಟ್ಟವು.

ಹತ್ತಿರದ ಉದಾಹರಣೆ ನೋಡಿ: ನಿಮ್ಮ ಠಾಣೆ ಖಾಡಿಗೆ ಬರುವ ಫ್ಲೆಮಿಂಗೊಗಳಲ್ಲಿ ಗಂಡು ಹೆಣ್ಣು ಎರಡೂ ಗುಂಪಾಗಿ ಕುಣಿದು ಜೋಡಿ ಹುಡುಕುತ್ತವೆ. ಅವುಗಳ ಗುಲಾಬಿ ಬಣ್ಣ ಆಹಾರದಲ್ಲಿನ ವರ್ಣದ್ರವ್ಯವಾದ ಕ್ಯಾರೊಟಿನಾಯ್ಡ್‌ನಿಂದ ಬರುವುದರಿಂದ ಅದು ಮೈಪುಷ್ಟಿಯ ಸುಳಿವಾಗಬಹುದು. ದೊಡ್ಡ ಫ್ಲೆಮಿಂಗೊಗಳು ಬಾಲದ ಬುಡದ ಗ್ರಂಥಿಯ ಬಣ್ಣದೆಣ್ಣೆಯನ್ನು ಕೆನ್ನೆಯಿಂದ ಕತ್ತು, ಎದೆ, ಬೆನ್ನಿಗೆ ಉಜ್ಜಿಕೊಳ್ಳುತ್ತವೆ. ಹೆಣ್ಣುಗಳಂತೂ ಇನ್ನೂ ಹೆಚ್ಚು. ಗಾಢ ಬಣ್ಣದವು ಮೊದಲೇ ಗೂಡು ಹೂಡುತ್ತವೆ.

ಖಾಡಿಯ ಪಾಚಿಯೂ ಆ ಬಣ್ಣದ ಒಂದು ಮೂಲ. ದಯವಿಟ್ಟು ಅಲ್ಲಿಗೆ ಕಸ ಸುರಿಯಬೇಡಿ, ಸುರಿಯಲು ಬಿಡಬೇಡಿ.